ಹಳೇ ದೋಣಿಗೆ ಸುತ್ತಿಗೆ ಬಡಿದು ನೋಡಿ

ಆರನೇ ಸೆಮಿಸ್ಟರ್‌ನ ಇಂಟರ್ನಲ್ಸ್‌ಗೆ ನಾಲ್ಕು ದಿನ ಇತ್ತು. ಹಾಸ್ಟೆಲ್‌ನಲ್ಲಿ ಎಲ್ಲರೂ ನೋಟ್ಸ್ ಹಿಡಿದು ಕೂತಿದ್ದರೆ ನಾನು ಮೊಬೈಲ್‌ನಲ್ಲಿ ಹಳೇ ಹಾಯಿದೋಣಿಗಳ ಮಾರಾಟದ ಜಾಹೀರಾತು ನೋಡುತ್ತಿದ್ದೆ. ರೂಮ್‌ಮೇಟ್ ಇಣುಕಿ, ‘ಎಂತ ಮಾರಾಯ್ತಿ, ನಿನ್ನ ಅಕೌಂಟಲ್ಲಿ ನಾನೂರು ರೂಪಾಯಿ ಉಂಟು. ದೋಣಿ ತಗೊಳ್ತೀಯಾ?’ ಎಂದಳು.

ತಗೊಳ್ಳುವುದು ನಾನಲ್ಲ, ಅಪ್ಪ. ಅದೂ ಹಾಯಿದೋಣಿಯಲ್ಲ, ಮಲ್ಪೆಯಲ್ಲಿ ಮೀನಿಗೆ ಹೋಗುವ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೀಗೇ ಒಂದು ಕೊಂಡಿದ್ದರು. ಹೊಸ ಬಣ್ಣ ಬಳಿದುಕೊಂಡು ಫಳಫಳ ಹೊಳೆಯುತ್ತಿತ್ತು. ಎರಡೇ ವರ್ಷಕ್ಕೆ ತಳ ಸೀಳಿತು. ಅಮ್ಮನ ಬಳೆಗಳು ಸೊಸೈಟಿಯಿಂದ ಇನ್ನೂ ವಾಪಸ್ ಬಂದಿಲ್ಲ. ಅಪ್ಪ ಅಂದಿನಿಂದ ಬೇರೆಯವರ ಬೋಟಿನಲ್ಲಿ ದುಡಿಯುತ್ತಾರೆ. ಈಗ ಮತ್ತೆ ಹಳೇ ದೋಣಿ ಎಂದಾಗ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಹಳೇ ದೋಣಿಯನ್ನು ನಂಬಿ ಪ್ರಾಣವನ್ನೇ ಒಪ್ಪಿಸುವವರು ಹೇಗೆ ಆರಿಸುತ್ತಾರೆ ಎಂಬ ಕುತೂಹಲ ಹುಟ್ಟಿದ್ದು ಹೀಗೆ. ವಾರಗಟ್ಟಲೆ ದಡ ಕಾಣದೆ ಮಹಾಸಾಗರ ದಾಟುವ ಹಾಯಿದೋಣಿಗಳಿಗೆ ‘ಬ್ಲೂವಾಟರ್ ಕ್ರೂಸರ್’ ಎನ್ನುತ್ತಾರೆ. ಹೊಸದರ ಬೆಲೆಗೆ ಊರಲ್ಲಿ ಬಂಗಲೆಯೇ ಬರುತ್ತದೆ. ಹಾಗಾಗಿ ಹೆಚ್ಚಿನವರು ಕೊಳ್ಳುವುದು ಮೂವತ್ತು, ನಲವತ್ತು ವರ್ಷ ಹಳೆಯದನ್ನು.

ನಾನು ಪಿಯುಸಿ ಮುಗಿಸಿದ ವರ್ಷ, 2023ರ ಏಪ್ರಿಲ್‌ನಲ್ಲಿ, ನಮ್ಮ ಅಭಿಲಾಷ್ ಟಾಮಿ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದ್ದು ನೆನಪಿರಬಹುದು. ಒಬ್ಬರೇ, ಎಲ್ಲೂ ನಿಲ್ಲದೆ, ಜಿಪಿಎಸ್ ಬಳಸದೆ ಭೂಮಿ ಸುತ್ತುವ ರೇಸ್ ಅದು. ದೋಣಿಯ ವಿನ್ಯಾಸ 1988ಕ್ಕಿಂತ ಹಿಂದಿನದಾಗಿರಬೇಕು, ಉದ್ದ 32ರಿಂದ 36 ಅಡಿ ಇರಬೇಕು ಎಂಬುದು ನಿಯಮ. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್. ಹೊರಟ 16 ಮಂದಿಯಲ್ಲಿ ಅವರೊಬ್ಬರೇ ಹೆಣ್ಣು. ಅವರ ‘ಮಿನ್ನೆಹಾಹಾ’ 1988ರಲ್ಲಿ ಕಟ್ಟಿದ ದೋಣಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೊಂಡು, ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಇಟ್ಟುಕೊಂಡು ದುರಸ್ತಿ ಮಾಡಿದರು. ಆಮೇಲೆ ರೇಸಿಗೆ ಮೊದಲೇ ಅದನ್ನು ದಕ್ಷಿಣ ಆಫ್ರಿಕಾದವರೆಗೆ ಓಡಿಸಿ ನೋಡಿದರು. ನಾವು ಹಳೇ ಸ್ಕೂಟಿಯನ್ನು ಗಲ್ಲಿಯಲ್ಲಿ ಒಂದು ರೌಂಡ್ ಹೊಡೆದು ದುಡ್ಡು ಕೊಟ್ಟುಬಿಡುತ್ತೇವೆ!

ಅಲ್ಲಿ ಕ್ರಮವೇ ಬೇರೆ. ಬೆಲೆ ಒಪ್ಪಿದರೂ ‘ಸರ್ವೆ ಆದ ಮೇಲೆ’ ಎಂಬ ಷರತ್ತು ಇರುತ್ತದೆ. ಸರ್ವೆಯರ್‌ಗೆ ಫೀಸು ಕೊಡುವವರು ಕೊಳ್ಳುವವರು. ಮಾರುವವರು ಕೊಟ್ಟರೆ ರಿಪೋರ್ಟ್ ಯಾರ ಪರ ಇರುತ್ತದೆ, ನೀವೇ ಹೇಳಿ. ದೋಣಿಯನ್ನು ನೀರಿನಿಂದ ಮೇಲೆತ್ತಿ, ಆತ ಒಂದು ಸಣ್ಣ ಸುತ್ತಿಗೆ ಹಿಡಿದು ಇಂಚಿಂಚು ಬಡಿಯುತ್ತಾ ಹೋಗುತ್ತಾನೆ. ಗಟ್ಟಿ ಫೈಬರ್ ‘ಟಣ್’ ಎನ್ನುತ್ತದೆ. ಪದರ ಬಿಟ್ಟಿದ್ದರೆ, ಒಳಗೆ ನೀರು ಕುಡಿದಿದ್ದರೆ ‘ದೊಪ್’ ಎನ್ನುತ್ತದೆ. ಫೈಬರ್ ಮರದಂತೆ ಕೊಳೆಯುವುದಿಲ್ಲ, ನಿಜ. ಆದರೆ ಡೆಕ್ಕಿನ ಎರಡು ಫೈಬರ್ ಪದರಗಳ ನಡುವೆ ಎಷ್ಟೋ ದೋಣಿಗಳಲ್ಲಿ ಬಾಲ್ಸಾ ಮರ ತುಂಬಿರುತ್ತಾರೆ. ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೆ ಸಾಕು, ಹೊರಗೆ ಹೊಳಪು, ಒಳಗೆ ಕೊಳೆತ.

ನನಗೆ ಹೆಚ್ಚು ಹಿಡಿಸಿದ್ದು ಸ್ಟೀಲಿನ ಕಥೆ. ಕೂವೆಮರವನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ಎಳೆದು ಹಿಡಿಯುವ ತಂತಿಗಳು ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳಿಗೆ ಬಂದು ಸೇರುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಅದರ ಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆ ಕಾರಣ. ಪೊರೆ ಉಳಿಯಲು ಆಮ್ಲಜನಕ ಬೇಕು. ಪಟ್ಟಿ ಡೆಕ್ಕಿನೊಳಗೆ ತೂರಿಹೋಗುವ ಜಾಗದಲ್ಲಿ ಉಪ್ಪುನೀರು ಇರುತ್ತದೆ, ಗಾಳಿ ಇರುವುದಿಲ್ಲ. ಕಣ್ಣಿಗೆ ಕಾಣುವ ಭಾಗ ಕನ್ನಡಿಯಂತಿದ್ದರೂ ಬಚ್ಚಿಟ್ಟುಕೊಂಡ ಎರಡು ಇಂಚು ಬಿರುಕು ಬಿಡುವುದು ಅಲ್ಲೇ. ಎರಡನೇ ವರ್ಷ ಈ ‘ಕ್ರೆವಿಸ್ ಕರೋಷನ್’ ಅನ್ನು ಐದು ಮಾರ್ಕಿಗೆ ಬಾಯಿಪಾಠ ಮಾಡಿ ಮರೆತಿದ್ದೆ. ಒಬ್ಬರ ಜೀವ ಇದರ ಮೇಲೆ ನಿಂತಿರುತ್ತದೆ ಎಂದು ಆಗ ಗೊತ್ತಾಗಲಿಲ್ಲ.

ಇಷ್ಟೆಲ್ಲ ನೋಡಿದರೂ ಸಮುದ್ರ ಗ್ಯಾರಂಟಿ ಕಾರ್ಡ್ ಕೊಡುವುದಿಲ್ಲ. ಅದೇ ರೇಸಿನಲ್ಲಿದ್ದ ಫಿನ್ಲೆಂಡಿನ ತಾಪಿಯೊ ಲೆಹ್ಟಿನೆನ್ ಅವರ ‘ಆಸ್ಟೀರಿಯಾ’ 1965ರ ದೋಣಿ. ಹಿಂದಿನ ರೇಸಿನಲ್ಲಿ ಭೂಮಿ ಸುತ್ತಿ ಬಂದಿದ್ದ ಅದು 2022ರ ನವೆಂಬರ್‌ನಲ್ಲಿ ಹಿಂಬದಿಯಿಂದ ನೀರು ನುಗ್ಗಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಲೈಫ್‌ರ‍್ಯಾಫ್ಟಿನಲ್ಲಿ ತೇಲುತ್ತಿದ್ದ ಅವರನ್ನು ಮಾರನೇ ದಿನ ದೋಣಿ ತಿರುಗಿಸಿ ಬಂದು ಎತ್ತಿಕೊಂಡವರು ಕರ್ಸ್ಟನ್ನೇ.

ಇಂಟರ್ನಲ್ಸ್ ಮುಗಿದ ಶನಿವಾರ ಊರಿಗೆ ಹೋದೆ. ಅಪ್ಪ ಅಷ್ಟರಲ್ಲಿ ಹತ್ತು ಸಾವಿರ ಅಡ್ವಾನ್ಸ್ ಕೊಟ್ಟಾಗಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ದೋಣಿಗೆ ಬಡಿಯುತ್ತಾ ಬಂದೆ. ಮಾರುವವರು, ‘ಇಂಜಿನಿಯರ್ ಮೇಡಂಗೆ ದೋಣಿಗೆ ಜ್ವರ ಉಂಟಾ ನೋಡ್ಲಿಕ್ಕಾ?’ ಎಂದು ನಕ್ಕರು. ದಂಡೆಯಲ್ಲಿದ್ದ ನಾಲ್ಕು ಜನರೂ ನಕ್ಕರು. ಅಪ್ಪ ನಗಲಿಲ್ಲ. ಪಕ್ಕಗಳೆಲ್ಲ ಟಣ್ ಟಣ್. ಹಿಂದೆ, ಔಟ್‌ಬೋರ್ಡ್ ಇಂಜಿನ್ ಕೂರುವ ಹಲಗೆಯ ಹತ್ತಿರ ಬಂದಾಗ ಸದ್ದು ಸತ್ತುಹೋಯಿತು. ಆ ಜಾಗದಲ್ಲಿ ಫೈಬರ್‌ನೊಳಗೆ ಪ್ಲೈವುಡ್ ಇರುತ್ತದೆ. ಅಪ್ಪ ಏನೂ ಮಾತಾಡದೆ ಒಂದು ಬೋಲ್ಟ್ ಬಿಚ್ಚಿದರು. ತೂತಿನಿಂದ ಚಹಾದ ಬಣ್ಣದ ನೀರು ಸುರಿಯಿತು.

ವ್ಯವಹಾರ ಬೇಡ, ವಾಪಸ್ ಹೋಗೋಣ ಎಂದು ಹಟ ಹಿಡಿದೆ. ಅಪ್ಪ ಕೇಳಲಿಲ್ಲ. ‘ತಳ ಗಟ್ಟಿ ಉಂಟಲ್ಲ ಮಗಾ. ಹಾಳಾದದ್ದು ಎಲ್ಲಿ ಅಂತ ಗೊತ್ತಾಯ್ತಲ್ಲ’ ಎಂದು ಬೋಲ್ಟನ್ನು ಅಂಗೈಯಲ್ಲಿ ಹಿಡಿದೇ ಮಾತಿಗೆ ನಿಂತರು. ಸಂಜೆ ಹೊತ್ತಿಗೆ ಬೆಲೆ ನಲವತ್ತು ಸಾವಿರ ಇಳಿಯಿತು. ಸರ್ವೆ ರಿಪೋರ್ಟ್ ಹಿಡಿದು ಅಲ್ಲಿಯವರು ಮಾಡುವುದೂ ಹೆಚ್ಚಾಗಿ ಇದನ್ನೇ. ನಾನು ಅಷ್ಟು ಓದಿಯೂ ಸುತ್ತಿಗೆಯ ಸದ್ದಿಗೇ ನಿಂತುಬಿಟ್ಟಿದ್ದೆ.

ಈಗ ದೋಣಿ ನಮ್ಮ ಮನೆಯ ಹಿಂದೆ, ತೆಂಗಿನಮರದ ಕೆಳಗೆ ಕವುಚಿ ಬಿದ್ದಿದೆ. ಫೈಬರ್ ಕೆಲಸದವರು ಹಿಂಬದಿ ಕೊಯ್ದು ಕಪ್ಪಾದ ಪ್ಲೈವುಡ್ಡನ್ನು ಬಕೆಟ್‌ಗಟ್ಟಲೆ ಹೊರಗೆ ತೆಗೆದರು. ಹೊಸ ಹಲಗೆ ಕೂರಿಸಿ ರೆಸಿನ್ ಹಾಕಿದ್ದಾರೆ, ಮನೆಯೆಲ್ಲ ಅದರದೇ ವಾಸನೆ. ಇಳಿದ ನಲವತ್ತು ಸಾವಿರದಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಇನ್ನೂ ಮುಗಿದಿಲ್ಲ. ಅಮ್ಮ ಮಾತ್ರ ದಿನಾ ಬಟ್ಟೆ ಒಣಗಿಸಲು ಹೋದಾಗ ತೆಂಗಿನ ಹೆಡೆಮಂಡೆಯಲ್ಲಿ ಅದಕ್ಕೊಂದು ಏಟು ಕೊಟ್ಟು, ಕಿವಿ ಕೊಟ್ಟು ಕೇಳಿ ಒಳಗೆ ಬರುತ್ತಾಳಂತೆ.