ನೀಲಗಿರಿ ಎಂದರೆ ಬರೀ ಮರವಲ್ಲ

ಮಾಲೂರು ತಾಲ್ಲೂಕಿನ ಯಾವುದೇ ಶಾಲೆಯಲ್ಲಿ 'ನೀಲಗಿರಿ ಎಂದರೇನು?' ಎಂದು ಕೇಳಿದರೆ ಹೆಚ್ಚಿನ ಮಕ್ಕಳಿಂದ ಬರುವ ಉತ್ತರ ಒಂದೇ: ಮರ. ರಾಗಿ ಹೊಲದ ಪಕ್ಕದ ತೋಪು, ಮರದ ದಿಮ್ಮಿ ಹೇರಿಕೊಂಡು ಸಾಗುವ ಲಾರಿ, ನೆಗಡಿಯಾದಾಗ ಅಜ್ಜಿ ಎದೆಗೆ ತಿಕ್ಕುವ ಎಣ್ಣೆ, ಇವೆಲ್ಲ ಅವರು ದಿನವೂ ಕಾಣುವ ನೀಲಗಿರಿ. ಆದರೆ ಆ ಹೆಸರು ಮೊದಲು ಬೆಟ್ಟದ್ದು. ಮರಕ್ಕೆ ಅದು ಅಂಟಿಕೊಂಡದ್ದು ಬಹಳ ತಡವಾಗಿ. ಇನ್ನೂ ಸೋಜಿಗದ ಸಂಗತಿಯೆಂದರೆ, ಇನ್ನೂರು ವರ್ಷಗಳ ಹಿಂದೆ ಆ ಬೆಟ್ಟಗಳ ನೆತ್ತಿಯಲ್ಲಿ ಈ ಮರ ಒಂದೂ ಇರಲಿಲ್ಲ. ಅಲ್ಲಿ ಇದ್ದದ್ದು ಕಣ್ಣು ಹಾಯುವಷ್ಟು ದೂರ ಹುಲ್ಲು.

ಆ ಹುಲ್ಲಿನ ನಾಡನ್ನು ನೋಡಿ ಬರುವುದು ಮಕ್ಕಳಿಗೆ ಒಂದು ಪಾಠ. ಮಾಲೂರಿನವರಿಗೆ ಅದು ತಮ್ಮ ಹೊಲ, ತಮ್ಮ ಬಾವಿಯ ಪಾಠವೂ ಹೌದು.

ಮೇಲೇರುವ ದಾರಿ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಮಾರ್ಗವಾಗಿ ಉದಕಮಂಡಲಕ್ಕೆ ಬಸ್ಸುಗಳಿವೆ. ಬಂಡೀಪುರದಲ್ಲಿ ತೇಗ, ಬಿದಿರುಗಳ ಒಣ ಕಾಡು. ಘಾಟಿ ಹತ್ತಿದಂತೆ ಚಹಾ ತೋಟ, ಅದರ ಮೇಲೆ ಮಂಜು. ಮಾಲೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ನೀಲಗಿರಿಯ ಅತ್ಯುನ್ನತ ಶಿಖರ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕವನ್ನು ವಿದ್ಯಾರ್ಥಿಗಳು ಇಲ್ಲಿ ಪರೀಕ್ಷಿಸಬಹುದು. ಮಾಲೂರಿಗೂ ದೊಡ್ಡಬೆಟ್ಟದ ತುದಿಗೂ ಹನ್ನೊಂದು ಡಿಗ್ರಿಯಷ್ಟು ವ್ಯತ್ಯಾಸವಿರಬೇಕು.

ತಮಿಳುನಾಡಿನಲ್ಲಿದ್ದರೂ ಶಿಖರದ ಹೆಸರು ಮಾತ್ರ ಅಚ್ಚಗನ್ನಡ! ಕನ್ನಡಕ್ಕೆ ಬಹಳ ಹತ್ತಿರವಾದ ನುಡಿಯನ್ನಾಡುವ ಬಡಗರು ಇಲ್ಲಿನ ಬೇಸಾಯಗಾರರು. ಅವರ ಊರುಗಳ ಹೆಸರಿನ ಕೊನೆಯಲ್ಲಿ ಕೋಲಾರದವರಿಗೂ ಪರಿಚಿತವಾದ 'ಹಟ್ಟಿ' ಎಂಬ ಪದ ಕೇಳಿಬರುತ್ತದೆ. ಎಮ್ಮೆ ಸಾಕುವ ತೋಡರಿಗೆ ಈ ಹುಲ್ಲುಗಾವಲು ಬದುಕಿನ ಆಧಾರ, ಪೂಜ್ಯ ಸ್ಥಳ.

ದೊಡ್ಡಬೆಟ್ಟಕ್ಕೆ ರಸ್ತೆಯಿದೆ, ಜನಸಂದಣಿಯೂ ಇದೆ. ನಿಜವಾದ ಹುಲ್ಲುಬೆಟ್ಟಗಳನ್ನು ನೋಡಬೇಕಾದರೆ ಪಶ್ಚಿಮದ ಮುಕುರ್ತಿಯ ಕಡೆಗೆ ಹೋಗಬೇಕು. ಸುಮಾರು 78 ಚದರ ಕಿಲೋಮೀಟರಿನ ಈ ರಾಷ್ಟ್ರೀಯ ಉದ್ಯಾನದಲ್ಲಿ ಅಲೆಯ ಮೇಲೆ ಅಲೆ ಎದ್ದಂತೆ ಹುಲ್ಲಿನ ದಿಣ್ಣೆಗಳು. ಎರಡು ದಿಣ್ಣೆಗಳ ನಡುವಿನ ಮಡಿಕೆಯಲ್ಲಿ ಮಾತ್ರ ಗಿಡ್ಡ ಮರಗಳ ಒತ್ತಾದ ಕಾಡು. ಇದೇ ಶೋಲಾ ಕಾಡು. ಬಂಡೆಯಂಚಿನಲ್ಲಿ ನೀಲಗಿರಿ ತಾರ್ ಎಂಬ ಕಾಡುಮೇಕೆ ಮೇಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ 2018ರಲ್ಲಿ ಅರಳಿತ್ತು. ಮುಂದಿನ ಸರದಿ 2030ರಲ್ಲಿ.

ಹುಲ್ಲು ಏಕೆ, ಮರವೇಕಿಲ್ಲ?

ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ಒಂದು ಎತ್ತರ ದಾಟಿದರೆ ಮರ ಬೆಳೆಯುವುದಿಲ್ಲ. ಬೇಸಿಗೆ ಅಷ್ಟು ಚಿಕ್ಕದು, ಅಷ್ಟು ತಣ್ಣನೆಯದು. ನೀಲಗಿರಿಯಲ್ಲಿ ಹಾಗಲ್ಲ; ಹುಲ್ಲಿನ ಪಕ್ಕದಲ್ಲೇ ಕಾಡೂ ಇದೆ. ಇಲ್ಲಿ ಡಿಸೆಂಬರ್, ಜನವರಿಯ ನಿರ್ಮಲ ರಾತ್ರಿಗಳಲ್ಲಿ ನೆಲದ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ಬಯಲಿನಲ್ಲಿ ಮೊಳೆತ ಶೋಲಾ ಮರದ ಎಳೆಸಸಿ ಅದರಿಂದ ಸುಟ್ಟುಹೋಗುತ್ತದೆ. ಹುಲ್ಲಿನ ಚಿಗುರುವ ಭಾಗ ಮಣ್ಣಿನ ಮಟ್ಟದಲ್ಲೇ ಇರುವುದರಿಂದ ಅದು ಬದುಕಿಕೊಳ್ಳುತ್ತದೆ. ಗಾಳಿ, ಬೆಂಕಿ, ಮೇಯುವ ಪ್ರಾಣಿಗಳೂ ಹುಲ್ಲಿಗೇ ಅನುಕೂಲ.

ಈ ಹುಲ್ಲುಗಾವಲು ಮನುಷ್ಯ ಕಾಡು ಕಡಿದದ್ದರಿಂದ ಉಂಟಾದದ್ದು ಎಂಬ ವಾದ ಬಹಳ ಕಾಲ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಕಣಿವೆಗಳ ಜೌಗಿನಲ್ಲಿ. ಅಲ್ಲಿ ಪೂರ್ತಿ ಕೊಳೆಯದ ಸಸ್ಯಗಳು ಪದರ ಪದರವಾಗಿ ಕೂತಿವೆ. ಮರಗಳೂ ಬೆಟ್ಟದ ಅನೇಕ ಹುಲ್ಲುಗಳೂ ಗಾಳಿಯ ಇಂಗಾಲವನ್ನು ಹೀರಿಕೊಳ್ಳುವ ರೀತಿ ಬೇರೆ ಬೇರೆಯಾದ್ದರಿಂದ ಅವುಗಳಲ್ಲಿ ಉಳಿಯುವ ಇಂಗಾಲ-13ರ ಪ್ರಮಾಣವೂ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಈ ಪದರಗಳನ್ನು ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೇ, ಹಿಮಯುಗದಲ್ಲಿ, ಅಲ್ಲಿ ಹುಲ್ಲಿತ್ತು. ಹವೆ ತೇವವಾದಾಗ ಕಾಡು ಹಬ್ಬಿದೆ, ಒಣಗಿದಾಗ ಹುಲ್ಲು ಹಬ್ಬಿದೆ.

ಮರ ಬಂದ ಕಥೆ

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿಯನ್ನು ಹತ್ತಿದ. ಆಮೇಲೆ ಬಂದ ಇಂಗ್ಲಿಷರಿಗೆ ಈ ದಿಣ್ಣೆಗಳು ತಮ್ಮೂರಿನ ಹುಲ್ಲುಬಯಲಿನಂತೆ ಕಂಡವು. ಉದಕಮಂಡಲದ ಬಳಿಯ ಬಯಲಿಗೆ ಇಂದಿಗೂ 'ವೆನ್‌ಲಾಕ್ ಡೌನ್ಸ್' ಎಂಬ ಹೆಸರಿದೆ. ಊರು ಬೆಳೆದಂತೆ ಚಳಿ ಕಾಯಿಸಲು ಸೌದೆ ಬೇಕಾಯಿತು. ಆಸ್ಟ್ರೇಲಿಯಾದ ಯೂಕಲಿಪ್ಟಸ್ ಮರವನ್ನು 1843ರಲ್ಲಿ ಇಲ್ಲಿಗೆ ತಂದರು. 1856ರಿಂದ ತೋಪುಗಳನ್ನೇ ಬೆಳೆಸಿದರು. ಶೋಲಾ ಸಸಿಯನ್ನು ಕೊಲ್ಲುವ ಚಳಿಯನ್ನು ಈ ಮರ ತಡೆದುಕೊಂಡಿತು. ಜೊತೆಗೆ ಬಂದ ವಾಟಲ್ ಎಂಬ ಜಾಲಿಯ ಜಾತಿ ತಾನೇ ಹಬ್ಬತೊಡಗಿತು.

ನಮ್ಮ ಸೀಮೆಗೆ ಈ ಮರ ಇನ್ನೂ ಮೊದಲೇ ಬಂದಿತ್ತು. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದ ತೋಟದಲ್ಲಿ ಇದನ್ನು ನೆಡಿಸಿದನೆಂದು ಹೇಳುತ್ತಾರೆ. ಮಾಲೂರಿನ ಹೊಲಗಳಲ್ಲಿರುವ ತಳಿ ಊಟಿಯದಕ್ಕಿಂತ ಬೇರೆ. ಅದಕ್ಕೆ 'ಮೈಸೂರು ಗಮ್' ಎಂದು ಹೆಸರು. ಆದರೂ ಜನ ಮರಕ್ಕೆ ಕೊಟ್ಟಿದ್ದು ಊಟಿಯ ಬೆಟ್ಟದ ಹೆಸರನ್ನೇ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ ಜಿಲ್ಲೆಯ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಕಾವಲು ಬೇಡ, ಕೂಲಿಯಾಳು ಬೇಡ, ಕೆಲವೇ ವರ್ಷಗಳಲ್ಲಿ ಕೈಗೆ ಹಣ. ಮಳೆ ನಂಬಿದ ರೈತನಿಗೆ ಬೇರೆ ಭರವಸೆ ಇರಲಿಲ್ಲ. ಅವನನ್ನು ದೂರುವಂತಿಲ್ಲ.

ನೀರಿನ ಲೆಕ್ಕ

ನೀಲಗಿರಿಯ ಹುಲ್ಲುಗಾವಲಿನ ಮಣ್ಣು ಸ್ಪಂಜಿನಂತೆ. ಮಳೆಗಾಲದಲ್ಲಿ ಕುಡಿದು ಬೇಸಿಗೆಯಲ್ಲಿ ಹನಿ ಹನಿಯಾಗಿ ತೊರೆಗೆ ಬಿಡುತ್ತದೆ. ಮುಕುರ್ತಿಯ ಬಳಿ ಹುಟ್ಟುವ ಪೈಕಾರ ನದಿ ಮುಂದೆ ಮೋಯಾರ್ ಎನಿಸಿ, ಬಂಡೀಪುರದ ಅಂಚಿನಲ್ಲಿ ಹರಿದು, ಭವಾನಿಯ ಮೂಲಕ ಕಾವೇರಿ ಸೇರುತ್ತದೆ.

ಇಂಥ ಹುಲ್ಲಿನ ಮೇಲೆ ಮರ ನೆಟ್ಟರೆ ನೀರು ಏನಾಗುತ್ತದೆ? ಉದಕಮಂಡಲದ ಮಣ್ಣು ಮತ್ತು ಜಲ ಸಂರಕ್ಷಣೆಯ ವಿಜ್ಞಾನಿಗಳು ಗ್ಲೆನ್‌ಮಾರ್ಗನ್ ಬಳಿ ಅಕ್ಕಪಕ್ಕದ ಎರಡು ಕಣಿವೆಗಳನ್ನು ಆರಿಸಿಕೊಂಡರು. ಒಂದರಲ್ಲಿ ಹುಲ್ಲನ್ನು ಹಾಗೆಯೇ ಬಿಟ್ಟರು. ಇನ್ನೊಂದರ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ನೀಲಗಿರಿ ನೆಟ್ಟು ವರ್ಷಗಟ್ಟಲೆ ತೊರೆಯ ನೀರನ್ನು ಅಳೆದರು. ಮೊದಲ ಹತ್ತು ವರ್ಷದ ಬೆಳೆಯಲ್ಲಿ ನೀರು ಸರಾಸರಿ ಶೇ. 16ರಷ್ಟು ಕಡಿಮೆಯಾಯಿತು. ಕಡಿದ ಬುಡದಿಂದ ಚಿಗುರಿದ ಎರಡನೆಯ ಬೆಳೆಯಲ್ಲಿ ಇಳಿತ ಶೇ. 25ಕ್ಕೆ ಏರಿತು.

ಇನ್ನೊಂದು ಅಳತೆ ಮಾಲೂರಿನ ನೆರೆಯ ಹೊಸಕೋಟೆಯದು. ಅಲ್ಲಿನ ತೋಪೊಂದರಲ್ಲಿ ನೀಲಗಿರಿ ಮರಗಳು ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿದ್ದನ್ನು ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕಂಡು 1997ರಲ್ಲಿ ಪ್ರಕಟಿಸಿದರು. ಬೇರುಗಳು ವರ್ಷ ವರ್ಷವೂ ಆಳಕ್ಕಿಳಿದು, ಹಿಂದಿನ ಮಳೆಗಳ ಕೂಡಿಟ್ಟ ತೇವವನ್ನು ಹೀರಿದ್ದವು ಎಂಬುದು ಅವರು ಕೊಟ್ಟ ವಿವರಣೆ. ಬ್ಯಾಂಕಿನಲ್ಲಿ ಬಡ್ಡಿಯ ಜೊತೆಗೆ ಅಸಲನ್ನೂ ತೆಗೆದು ಖರ್ಚು ಮಾಡಿದಂತೆ. ಬಾವಿ ಬತ್ತಿದ್ದಕ್ಕೆ ಇದೊಂದೇ ಕಾರಣವಲ್ಲ. ಕೊಳವೆಬಾವಿಗಳ ಪೈಪೋಟಿ, ಹೂಳು ತುಂಬಿದ ಕೆರೆಗಳೂ ಸೇರಿವೆ. ಆದರೂ ಈ ಲೆಕ್ಕವನ್ನು ಮರೆಯುವಂತಿಲ್ಲ. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಬೆಟ್ಟದ ಮೇಲೂ ನಷ್ಟ ದೊಡ್ಡದೇ. ನೀಲಗಿರಿಯಂಥದೇ ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಮೂರರಲ್ಲಿ ಎರಡು ಪಾಲು ಹುಲ್ಲುಗಾವಲು ತೋಪು ಮತ್ತು ಬೇಸಾಯಕ್ಕೆ ಹೋಗಿರುವುದನ್ನು ಉಪಗ್ರಹ ಚಿತ್ರಗಳು ತೋರಿಸಿವೆ.

ಹೋಗುವವರಿಗೆ

ಮುಕುರ್ತಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಮಂಜು ಕವಿದರೆ ಹತ್ತು ಮಾರು ದೂರದ ದಾರಿಯೂ ಕಾಣದು. ಮಕ್ಕಳು ಗುಂಪು ಬಿಟ್ಟು ಹೋಗಬಾರದು. ಬೆಚ್ಚನೆಯ ಬಟ್ಟೆ, ಸ್ಟೀಲ್ ಬಾಟಲಿಯಲ್ಲಿ ನೀರು, ಒಂದು ಥರ್ಮಾಮೀಟರ್ ಮತ್ತು ನೋಟ್‌ಪುಸ್ತಕ ಜೊತೆಗಿರಲಿ.

ಊಟಿಗೆ ಹೋಗಲಾಗದವರು ಕೋಲಾರದ ಅಂತರಗಂಗೆಯ ಬೆಟ್ಟವನ್ನೇ ಹತ್ತಬಹುದು. ಬಂಡೆ, ಕುರುಚಲು, ಹುಲ್ಲಿನ ಆ ಬೆಟ್ಟ ದೂರದಿಂದ ಬೋಳಾಗಿ ಕಾಣುತ್ತದೆ. ಆದರೂ ಅದರ ಮಗ್ಗುಲಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬರುತ್ತದೆ. ಆ ನೀರು ಎಲ್ಲಿ ಬಿದ್ದ ಮಳೆ, ಎಲ್ಲಿ ಇಂಗಿತು, ದಾರಿಯಲ್ಲಿ ಅದನ್ನು ಹಿಡಿದಿಟ್ಟದ್ದು ಏನು ಎಂದು ಮಕ್ಕಳು ಕೇಳಿಕೊಳ್ಳಲಿ. ಮುಂದಿನ ವನಮಹೋತ್ಸವದಂದು ಸಸಿ ಹಿಡಿದು ನಿಲ್ಲುವಾಗ, ಯಾವ ಮರ, ಯಾವ ನೆಲ ಎಂದು ಮೇಷ್ಟರನ್ನು ಕೇಳುವ ಧೈರ್ಯ ಆಗ ತಾನಾಗಿಯೇ ಬರುತ್ತದೆ.