ಫಿಟ್ಸ್ ಮಾತ್ರೆ ಮತ್ತು ಎಲುಬಿನ ಖಾತೆ

ಮೂರ್ಛೆರೋಗ, ನಮ್ಮ ಕಡೆ ಜನ ಹೇಳುವ ‘ಫಿಟ್ಸ್’, ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರದಲ್ಲೂ ಸುತ್ತಲ ಹಳ್ಳಿಗಳಲ್ಲೂ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ ಸಾವಿರಕ್ಕೆ ಸುಮಾರು 9 ಮಂದಿಯಲ್ಲಿ ಅದು ಕಂಡಿತು. ಪೇಟೆಗಿಂತ ಹಳ್ಳಿಯಲ್ಲಿ ಎರಡು ಪಟ್ಟು. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ನೂರರಲ್ಲಿ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು.

ಆದರೆ ವರ್ಷಗಟ್ಟಲೆ ಮಾತ್ರೆ ನುಂಗುವವರು ಎಲುಬಿನ ಕಡೆಗೂ ಗಮನ ಕೊಡಬೇಕು. ಮಕ್ಕಳೇ, ಎಲುಬು ಒಂದು ಬ್ಯಾಂಕಿದ್ದಂತೆ. ಅಲ್ಲಿ ಜಮಾ ಆಗುವುದು ಕ್ಯಾಲ್ಸಿಯಂ. ಊಟದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ವಿಟಮಿನ್ ‘ಡಿ’ ಬೇಕು. ಫೆನಿಟಾಯಿನ್, ಫೀನೋಬಾರ್ಬಿಟಾಲ್, ಕಾರ್ಬಮಜೆಪೈನ್ ಎಂಬ ಔಷಧಗಳು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುತ್ತವೆ. ಆಗ ವಿಟಮಿನ್ ‘ಡಿ’ ಬೇಗ ಕರಗಿಹೋಗುತ್ತದೆ. ಜಮಾ ಕಡಿಮೆಯಾದಾಗ ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ವಾಲ್ಪ್ರೋಯೇಟ್ ಬೇರೆ ದಾರಿಯಿಂದ ಎಲುಬನ್ನು ತೆಳ್ಳಗೆ ಮಾಡಬಹುದು. ಇಂಥ ಎಲುಬು ಫಿಟ್ಸ್ ಬಂದು ಬಿದ್ದಾಗ ಸುಲಭವಾಗಿ ಮುರಿಯುತ್ತದೆ.

ಹಾಗೆಂದು ಮಾತ್ರೆ ಬಿಡಬಾರದು! ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬಂದು ಜೀವಕ್ಕೇ ಅಪಾಯ. ವೈದ್ಯರನ್ನು ಕೇಳಿ ವಿಟಮಿನ್ ‘ಡಿ’ ರಕ್ತಪರೀಕ್ಷೆ, ಅಗತ್ಯವಿದ್ದರೆ ಎಲುಬಿನ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಮಾಡಿಸಿಕೊಳ್ಳಿ. ವಿಟಮಿನ್ ಗುಳಿಗೆಯನ್ನೂ ಅವರು ಹೇಳಿದಷ್ಟೇ ತೆಗೆದುಕೊಳ್ಳಿ, ಅತಿಯಾದರೆ ಅದೂ ಕೆಡುಕು.

ವಿಟಮಿನ್ ‘ಡಿ’ಯ ದೊಡ್ಡ ದಾನಿ ಸೂರ್ಯ. ಖಾನಾಪುರದ ಕಾಡಿನಂಚಿನಲ್ಲಿ ಜುಲೈ–ಆಗಸ್ಟ್‌ನಲ್ಲಿ ಬಿಸಿಲೇ ಅಪರೂಪ. ಬೆಳಗಾವಿಯಲ್ಲೂ ಆಗ ಮೋಡವೇ ಹೆಚ್ಚು. ಆದ್ದರಿಂದ ಮಳೆಗಾಲ ಕಳೆದ ಮೇಲೆ ಕೈಕಾಲಿಗೆ ಬಿಸಿಲು ತಾಗುವಂತೆ ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದೆ. ಎಳ್ಳಿನ ಚಟ್ನಿಪುಡಿ, ಮೊಸರು, ಎಲುಬಿನ ಸಮೇತ ತಿನ್ನುವ ಸಣ್ಣ ಮೀನು ಕೂಡ ಒಳ್ಳೆಯವು. ದಿನಾ ನಡೆದಾಡಿದರೆ ಎಲುಬಿಗೆ ಬಲ.

ಮಕ್ಕಳೇ, ನಿಮಗೂ ಕೆಲಸವಿದೆ. ಬಚ್ಚಲಿನ ಪಾಚಿ ತಿಕ್ಕಿ, ಜಾರುವ ಚಾಪೆ ತೆಗೆಯಿರಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಫಿಟ್ಸ್ ಬಂದವರ ಬಾಯಿಗೆ ಏನೂ ತುರುಕಬೇಡಿ, ಕಬ್ಬಿಣವನ್ನೂ ಹಿಡಿಸಬೇಡಿ. ತಲೆಯ ಕೆಳಗೆ ಮೆತ್ತನೆಯದು ಇಟ್ಟು ಪಕ್ಕಕ್ಕೆ ಮಲಗಿಸಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ನೀವು ಈಗ ಕುಡಿಯುವ ಹಾಲು, ಆಡುವ ಆಟ ನಿಮ್ಮ ಎಲುಬಿನ ಖಾತೆಗೂ ಜಮಾ.