ನಕ್ಷೆಯ ಕೆಲಸಕ್ಕೆ ಸಿದ್ಧತೆ ಹೇಗೆ?

ಸರ್ವೆ ಆಫ್ ಇಂಡಿಯಾದ ಹಳೆಯ ಸ್ಥಳಾಕೃತಿ ನಕ್ಷೆಯೊಂದನ್ನು ಕಂಪ್ಯೂಟರಿಗೆ ಸೇರಿಸಿ, ಅದರ ಮೇಲೆ ನಿಮ್ಮೂರ ಕೆರೆಯ ಜಿ.ಪಿ.ಎಸ್. ಅಳತೆಗಳನ್ನು ಇಟ್ಟಿರೆಂದುಕೊಳ್ಳಿ. ಕೆರೆ ನೂರು ಮೀಟರಿಗೂ ಹೆಚ್ಚು ಆಚೆ ಸರಿದಂತೆ ಕಾಣಬಹುದು! ಸರಿದದ್ದು ಕೆರೆಯಲ್ಲ. ಹಳೆಯ ನಕ್ಷೆ ಭೂಮಿಯ ಆಕಾರಕ್ಕೆ 1830ರ ಎವರೆಸ್ಟ್ ಲೆಕ್ಕವನ್ನು ನಂಬಿದೆ, ಜಿ.ಪಿ.ಎಸ್. ಬಳಸುವುದು ಡಬ್ಲ್ಯು.ಜಿ.ಎಸ್. 84 ಎಂಬ ಲೆಕ್ಕವನ್ನು. ಇದನ್ನರಿಯದೆ ಒತ್ತುವರಿಯ ಗೆರೆ ಎಳೆದರೆ ತಪ್ಪು ಮಾಡದ ರೈತನ ಹೊಲವೂ ಕೆರೆಯ ಜಾಗವೆನಿಸೀತು.

ಆದ್ದರಿಂದ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿ.ಐ.ಎಸ್. ಕಲಿಯುವುದು ಬರೀ ಗುಂಡಿ ಒತ್ತುವ ಅಭ್ಯಾಸವಲ್ಲ. ಭೂಗೋಳ, ಗಣಿತ, ಸಂಖ್ಯಾಶಾಸ್ತ್ರ, ಸ್ವಲ್ಪ ಪ್ರೋಗ್ರಾಮಿಂಗ್ ಇದರ ತಳಹದಿ. ಅಭ್ಯಾಸಕ್ಕೆ ಕ್ಯು.ಜಿ.ಐ.ಎಸ್. ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಡೆಹ್ರಾಡೂನಿನಲ್ಲಿ 1966ರಲ್ಲಿ ಆರಂಭವಾಗಿ ಈಗ ಇಸ್ರೋದ ಅಂಗವಾಗಿರುವ ಭಾರತೀಯ ದೂರಸಂವೇದಿ ಸಂಸ್ಥೆಯು ಸ್ನಾತಕೋತ್ತರ ತರಬೇತಿಯ ಜೊತೆಗೆ ಅಂತರ್ಜಾಲದ ಮೂಲಕವೂ ಪಾಠ ನಡೆಸುತ್ತದೆ. ಎಂಜಿನಿಯರಿಂಗ್ ಓದುವವರಿಗೆ 2022ರಿಂದ ಗೇಟ್ ಪರೀಕ್ಷೆಯಲ್ಲಿ ಜಿಯೋಮ್ಯಾಟಿಕ್ಸ್ ವಿಷಯವಿದೆ.

ಯಾವುದೇ ಕೋರ್ಸಿಗೆ ಹಣ ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿ: ಕ್ಷೇತ್ರಕಾರ್ಯ ಎಷ್ಟು ದಿನ? ಉತ್ತರ ಬರುವವರೆಗೆ ಸುಮ್ಮನಿರಬೇಡಿ. ಈ ಭಾನುವಾರ ನಿಮ್ಮ ಬೀದಿಯ ನಕ್ಷೆ ಬರೆಯಿರಿ. ನಂತರ ನಡೆದು, ಅಳೆದು, ತಾಳೆ ನೋಡಿ.